ಬೆಲ್ಲ ತಾನೇ ಫಾದರ್?



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಕಲ್ಯಾಣದುರ್ಗದ ಕಡೆಯ ಅಜ್ಜಿಯೊಬ್ಬರು ಸ್ಟೀಲ್ ಡಬ್ಬಿಯೊಂದನ್ನು ನನ್ನ ಕೈಗಿತ್ತರು. ಒಳಗೆ ಡಬ್ಬಿ ತುಂಬ ಕಡಲೆಕಾಯಿ ಉಂಡೆ. "ನನಗೆ ಸಕ್ಕರೆ ಕಾಯಿಲೆ. ಟೀಗೆ ಸಕ್ಕರೆ ಹಾಕೋದು ಬಿಟ್ಟು ಎರಡು ವರ್ಷ ಆಯ್ತು. ಇದರಲ್ಲಿರೋದು ಬೆಲ್ಲ ತಾನೇ ಫಾದರ್? ದಿನಾ ಮೂರು ತಿಂತೀನಿ" ಎಂದರು. ಅವರು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದು ಅವರೊಬ್ಬರ ಪ್ರಶ್ನೆಯಲ್ಲ, ನಮ್ಮ ಎಷ್ಟೋ ಮನೆಗಳ ಪ್ರಶ್ನೆ.

ಈ ಉಂಡೆ ನಮ್ಮ ಮಣ್ಣಿನದೇ ತಿಂಡಿ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಈ ಕೆಂಪು ನೆಲದಲ್ಲಿ ರೈತನ ಕೈ ಹಿಡಿದದ್ದು ಕಡಲೆಕಾಯಿ. ಹಿಂದೂಪುರದ ಮಾರುಕಟ್ಟೆ ಬೆಲ್ಲಕ್ಕೂ ಹುಣಸೆಗೂ ಹೆಸರಾದದ್ದು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ ಉಂಡೆಯೊಳಗೆ ಎರಡೂ ಊರು ಇಂದಿಗೂ ಒಟ್ಟಿಗೇ ಇವೆ!

ಇನ್ನು ಅದರಲ್ಲಿ ಏನಿದೆ ನೋಡೋಣ. 100 ಗ್ರಾಂ ಕಡಲೆಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, 40ಕ್ಕೂ ಹೆಚ್ಚು ಗ್ರಾಂ ಕೊಬ್ಬಿದೆ. ಆ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಒಳ್ಳೆಯದೇ. ಬೀಜ, ಬೆಲ್ಲ ಸಮಪಾಲು ಹಾಕಿ 25 ಗ್ರಾಂ ತೂಕದ ಉಂಡೆ ಕಟ್ಟಿದರೆ ಅದರಲ್ಲಿ ಸುಮಾರು 120 ಕ್ಯಾಲೊರಿ, 3 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಅರ್ಧ ಮೊಟ್ಟೆಯಷ್ಟು ಪ್ರೋಟೀನ್. ಬೆಳೆಯುವ ಮಗುವಿಗೆ ಪ್ಯಾಕೆಟ್ ಬಿಸ್ಕತ್ತಿಗಿಂತ ಇದು ಎಷ್ಟೋ ಮೇಲು. 2020ರಲ್ಲಿ ಆಂಧ್ರದ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟಕ್ಕೆ ಚಿಕ್ಕಿಯನ್ನು ಸೇರಿಸಿದ್ದು ಸುಮ್ಮನೆ ಅಲ್ಲ.

ಆದರೆ ಬೆಲ್ಲ? ಅದರಲ್ಲಿ ಸ್ವಲ್ಪ ಕಬ್ಬಿಣ, ಇತರ ಲವಣಗಳು ಇರುವುದು ನಿಜ. ಆದರೂ ಬೆಲ್ಲದ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಬಣ್ಣ ಗೊತ್ತಾಗುವುದಿಲ್ಲ. ಬಿಳಿ ಸಕ್ಕರೆಯಂತೆಯೇ ಕಂದು ಬೆಲ್ಲವೂ ಗ್ಲೂಕೋಸನ್ನು ಏರಿಸುತ್ತದೆ. ಮೂರು ಉಂಡೆ ಎಂದರೆ ಏಳೆಂಟು ಟೀ ಚಮಚ ಸಕ್ಕರೆ. ಬೆರೆಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದು ಆರೋಗ್ಯವಂತರಿಗೆ ಹೇಳಿದ ಮಾತು. ಅಜ್ಜಿ ಟೀಯಲ್ಲಿ ಬಿಟ್ಟದ್ದನ್ನು ಡಬ್ಬಿಯಲ್ಲಿ ತಿನ್ನುತ್ತಿದ್ದರು, ಪಾಪ!

ತಾಯಂದಿರಿಗೆ ಎರಡು ಮಾತು. ತೇವದಲ್ಲಿಟ್ಟ, ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಬೀಜವನ್ನು ಆರಿಸಿ ಎಸೆಯಿರಿ. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೇಡು. ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಟ್ಟ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಂಡೀತು. ನುಣ್ಣಗೆ ಪುಡಿ ಮಾಡಿ ಕೊಡಿ.

ಮರುದಿನವೇ ಅಜ್ಜಿಯ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಮುಖ ಸಣ್ಣದಾಯಿತು. "ಹಾಗಾದರೆ ಕಡಲೆಕಾಯಿನೂ ಬಿಡಬೇಕಾ?" ಎಂದರು. "ಬೇಡಮ್ಮ, ಬೆಲ್ಲ ಬಿಡಿ. ಬೇಯಿಸಿದ ಕಡಲೆಕಾಯಿ ಒಂದು ಹಿಡಿ ತಿನ್ನಿ. ಉಂಡೆ ಮೊಮ್ಮಕ್ಕಳಿಗಿರಲಿ. ಡಾಕ್ಟರನ್ನೂ ಒಮ್ಮೆ ಕೇಳಿ" ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ನೀವು ಆ ಡಬ್ಬಿ ಏನು ಮಾಡಿದ್ರಿ ಫಾದರ್?"

ಅರ್ಧ ಖಾಲಿಯಾಗಿತ್ತು. ಒಪ್ಪಿಕೊಂಡೆ. ಉಳಿದದ್ದು ಈ ಭಾನುವಾರ ಜ್ಞಾನೋಪದೇಶದ ಮಕ್ಕಳಿಗೆ.