ವಾಟರ್ ಸರ್ವಿಸಿನವರ ನೀರಿನ ಪ್ರಶ್ನೆ

ಬಳ್ಳಾರಿಯ ಅಂಚಿನ ಹೊಲಗಳು ಬಡಾವಣೆಗಳಾಗುತ್ತಿವೆ. ಮನೆಗಳೆದ್ದ ಹಿಂದೆಯೇ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಪಂಕ್ಚರ್ ಅಂಗಡಿ ಬರುತ್ತವೆ. ಅವುಗಳ ಬೆನ್ನಿಗೇ 'ವಾಟರ್ ಸರ್ವಿಸ್' ಎಂಬ ಬೋರ್ಡೂ ಏಳುತ್ತದೆ. ಕಾರು ತೊಳೆಯುವುದು ಉಳ್ಳವರ ಷೋಕಿ, ಕಾರ್ಮಿಕರ ಪತ್ರಿಕೆಗೆ ಅದೇಕೆಂದು ಕೆಲವರು ಕೇಳಬಹುದು. ಕಟ್ಟೆಯ ಮೇಲಿನ ಕಾರನ್ನಷ್ಟೇ ನೋಡಿದವರ ಮಾತು ಅದು. ಕೆಳಗೆ ಪೈಪು ಹಿಡಿದು ನೆನೆಯುತ್ತಿರುವವನನ್ನೂ ನೋಡಬೇಕು.

ಅಲ್ಲಿಗೆ ಬರುವುದು ಕಾರೊಂದೇ ಅಲ್ಲ. ಸಿರುಗುಪ್ಪದ ಭತ್ತದ ಗದ್ದೆಯ ಎರೆಮಣ್ಣು ಮೆತ್ತಿದ ಟ್ರ್ಯಾಕ್ಟರು, ಸಂಡೂರಿನ ಅದಿರಿನ ಕೆಂಪುಧೂಳು ಹೊತ್ತ ಲಾರಿ, ಕುರುಗೋಡಿನ ಬಾಡಿಗೆ ಆಟೋ ಎಲ್ಲವೂ ಬರುತ್ತವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ಸಾಲುಗಟ್ಟಿ ನಿಂತವು; ಲೂಟಿ ಮಾಡಿದವರ ಪಾಪಕ್ಕೆ ಡ್ರೈವರು, ಕ್ಲೀನರುಗಳು ಕೆಲಸ ಕಳೆದುಕೊಂಡರು. ಒಂದೇ ದಂಧೆಯನ್ನು ನೆಚ್ಚಿದ ಊರಿನ ಪಾಡು ಅದು. ಒಂದು ಪಂಪು, ಇಬ್ಬರ ರಟ್ಟೆಬಲ, ಇಷ್ಟರಿಂದ ನಡೆಯುವ ಈ ಕಸುಬು ಊರಿನಲ್ಲೇ ಬೇರುಬಿಟ್ಟಿದೆ. ಅದರ ಗಳಿಕೆಯೂ ಪಕ್ಕದ ಕಿರಾಣಿ ಅಂಗಡಿಗೇ ಹೋಗುತ್ತದೆ.

ಆದರೆ ಈ ಬೇರಿಗೆ ನೀರೆಲ್ಲಿಂದ? ಬಳ್ಳಾರಿ ಕುಡಿಯುವುದು ತುಂಗಭದ್ರೆಯ ಕಾಲುವೆಯ ನೀರು. 2024ರ ಆಗಸ್ಟಿನಲ್ಲಿ ಸರಪಳಿ ತುಂಡಾಗಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಆ ನೀರಿನ ಭರವಸೆ ಎಷ್ಟರದೆಂದು ಎಲ್ಲರಿಗೂ ತಿಳಿಯಿತು. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಸಾರಿತ್ತು. ಕೊಡ ಹಿಡಿದು ನಿಂತ ತಾಯಿಯ ಪಾಲು ಮೊದಲು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ದಂಡದ ರಸೀದಿಯೇ ನೀತಿಯಾದರೆ ಬಾಗಿಲು ಮುಚ್ಚುವವನು ಚಿಕ್ಕವನು. ದೊಡ್ಡ ಷೋರೂಮಿಗೆ ಅದು ಭಾರವಲ್ಲ.

ಆದ್ದರಿಂದ ಬಳ್ಳಾರಿ ಮಹಾನಗರಪಾಲಿಕೆಯೂ ಸಿರುಗುಪ್ಪ, ಕುರುಗೋಡುಗಳ ಸ್ಥಳೀಯ ಸಂಸ್ಥೆಗಳೂ ಬೇಸಿಗೆಗೆ ಮೊದಲೇ ಎಚ್ಚೆತ್ತುಕೊಳ್ಳಬೇಕು. ಚರಂಡಿಯ ನೀರನ್ನು ಶುದ್ಧೀಕರಿಸಿ ಅಗ್ಗದ ದರದಲ್ಲಿ ಇವರಿಗೆ ಒದಗಿಸಬೇಕು. ಎಣ್ಣೆ, ಗ್ರೀಸು, ಕೆಸರು ಚರಂಡಿ ಸೇರದಂತೆ ತಡೆಗುಂಡಿ ಕಟ್ಟಿಸಲು ಸಣ್ಣ ಸಾಲ ಕೊಡಬೇಕು. ಲೈಸೆನ್ಸಿಗಾಗಿ ಮೇಜಿನಿಂದ ಮೇಜಿಗೆ ಅಲೆಸಬಾರದು.

ಮಾಲೀಕರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ನಿನ್ನೆ ಕೂಲಿಗೆ ದುಡಿದವರು. 14 ವರ್ಷ ತುಂಬದ ಮಕ್ಕಳ ಕೈಗೆ ಪೈಪು ಕೊಡುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿ, ಕಾಲಿಗೆ ಗಂಬೂಟು, ಒದ್ದೆ ನೆಲದಲ್ಲಿ ಓಡುವ ಮೋಟಾರಿಗೆ ಸರಿಯಾದ ಅರ್ಥಿಂಗ್, ಇಷ್ಟನ್ನು ಕೇಳುವುದು ದುಡಿಯುವವನ ಹಕ್ಕು.

ಬೇಸಿಗೆಯಲ್ಲಿ ಬೀಗ ಹಿಡಿದು ಬರುವ ಅಧಿಕಾರಿಗಳು ಈಗಲೇ ಬಂದು ಇವರೊಡನೆ ಕುಳಿತು ಮಾತಾಡಲಿ. ಇವರೂ ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯದೆ ಸಂಘ ಕಟ್ಟಿಕೊಳ್ಳಲಿ.