ಫ್ಯಾನ್ ಕೂಗಿದರೆ ಲ್ಯಾಪ್‌ಟಾಪ್ ಬದಲಿಸಬೇಕೇ?

ಪರೀಕ್ಷೆ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ಲೆಕ್ಚರ್ ವಿಡಿಯೋಗಳದ್ದೇ ಸದ್ದು. ಕಳೆದ ಸೆಮಿಸ್ಟರ್‌ನಲ್ಲಿ ಗೆಳೆಯನೊಬ್ಬ ಅಣ್ಣನಿಂದ ಬಂದ 2013ರ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೋ ಹಾಕಿದ. ಚಿತ್ರ ತಡವರಿಸಿತು, ಮಾತು ಮುಂದೆ ಓಡಿತು, ಫ್ಯಾನ್ ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. “ಇದರ ಕಥೆ ಮುಗೀತು ಮಗಾ, ಹೊಸದು ತಗೋ” ಅಂದ್ವಿ. ನಾವು ಹೇಳಿದ್ದು ತಪ್ಪು.

ಲೆಕ್ಕ ನೋಡಿ. 1080ಪಿ ವಿಡಿಯೋದ ಒಂದು ಫ್ರೇಮ್ ಅಂದ್ರೆ 1920 × 1080, ಒಟ್ಟು 20,73,600 ಪಿಕ್ಸೆಲ್. ಸೆಕೆಂಡಿಗೆ 30 ಫ್ರೇಮ್ ಆದರೆ ಆರು ಕೋಟಿಗೂ ಹೆಚ್ಚು. ಕುಗ್ಗಿಸಿಟ್ಟ ಫೈಲಿನಿಂದ ಇಷ್ಟನ್ನೂ ಬಿಡಿಸಿ ತೆಗೆಯುವ ಕೆಲಸ ಪೂರ್ತಿ ಸಿಪಿಯು ತಲೆಗೆ ಬಿದ್ದರೆ ಅದು ಬಿಸಿಯಾಗದೆ ಇರುತ್ತಾ? ಇದಕ್ಕೆಂದೇ ಗ್ರಾಫಿಕ್ಸ್ ಚಿಪ್‌ನಲ್ಲಿ ಬೇರೆಯೇ ಒಂದು ಡಿಕೋಡರ್ ಸರ್ಕ್ಯೂಟ್ ಇರುತ್ತದೆ. ಗೇಮ್ ಆಡುವಾಗ ದುಡಿಯುವ ಭಾಗ ಅದಲ್ಲ. ಅದಕ್ಕೆ ಗೊತ್ತಿರೋದು ಈ ಒಂದೇ ಕೆಲಸ, ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತದೆ.

ಆದರೆ ಚಿಪ್ ತಯಾರಾದಾಗ ಅದರಲ್ಲಿ ಅಳವಡಿಸಿದ ಕೋಡೆಕ್‌ಗಳು ಮಾತ್ರ ಅದಕ್ಕೆ ಬರುತ್ತವೆ. 2003ರ ಎಚ್.264 ಹಳೆಯ ಲ್ಯಾಪ್‌ಟಾಪ್‌ಗಳಿಗೂ ಗೊತ್ತು. 2013ರ ಎಚ್‌ಇವಿಸಿ, 2018ರ ಎವಿ1 ಹಾಗಲ್ಲ. ಇಂಟೆಲ್ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಎವಿ1 ಡಿಕೋಡರ್ ಬಂದಿದ್ದೇ 2020ರಲ್ಲಿ. ಗೆಳೆಯನ ವಿಡಿಯೋ ಇದ್ದದ್ದು ಎಚ್‌ಇವಿಸಿಯಲ್ಲಿ. ಅದನ್ನೇ ಎಚ್.264ಗೆ ಬದಲಿಸಿ ಕೊಟ್ವಿ. ಫೈಲ್ ದೊಡ್ಡದಾಯ್ತು, ಫ್ಯಾನ್ ಸುಮ್ಮನಾಯ್ತು.

ಹೊಸ ಕೋಡೆಕ್‌ನಿಂದ ಫೈಲ್ ಚಿಕ್ಕದಾಗುತ್ತೆ, ಡೇಟಾ ಉಳಿಯುತ್ತೆ ಅಂತೀರಾ? ನಿಜ. ಆದರೆ ಡೇಟಾ ಉಳಿಸೋಕೆ ಹೋಗಿ ಲ್ಯಾಪ್‌ಟಾಪನ್ನೇ ಕೊಳ್ಳುವಂತಾದರೆ ಉಳಿದದ್ದೇನು? ಎಲ್ಲರ ಮನೆಯಲ್ಲೂ ಅಷ್ಟು ದುಡ್ಡಿರಲ್ಲ. ಹಾಗಾಗಿ ನಮ್ಮ ಕೋರಿಕೆ ಇಷ್ಟೇ: ನಮ್ಮ ವಿಭಾಗಗಳು ಲೆಕ್ಚರ್ ವಿಡಿಯೋ ಹಂಚುವಾಗ ಜೊತೆಗೊಂದು ಎಚ್.264 ಪ್ರತಿಯನ್ನೂ ಇಡಲಿ. ಒಮ್ಮೆ ಮಾಡಿಟ್ಟರೆ ನೂರು ಜನಕ್ಕೆ ಉಪಯೋಗ.

ಜೂನಿಯರ್‌ಗಳಿಗೂ ಒಂದು ಮಾತು. ಅಪ್ಪನಿಗೆ ಫೋನ್ ಮಾಡಿ ಹೊಸ ಲ್ಯಾಪ್‌ಟಾಪ್ ಕೇಳೋ ಮುಂಚೆ, ವಿಡಿಯೋ ಓಡುತ್ತಿರುವಾಗ ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆದು ‘ವಿಡಿಯೋ ಡಿಕೋಡ್’ ಗೆರೆ ನೋಡಿ. ಅದು ಸೊನ್ನೆಯಲ್ಲೇ ಮಲಗಿ ಸಿಪಿಯು ಮಾತ್ರ ಒದ್ದಾಡುತ್ತಿದ್ದರೆ, ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯಾ, ವಿಡಿಯೋ ಯಾವ ಕೋಡೆಕ್‌ನಲ್ಲಿದೆ ಅಂತ ಪರೀಕ್ಷಿಸಿ. ಹಳೆಯ ಯಂತ್ರಕ್ಕೆ ಅದು ಬಲ್ಲ ಕೆಲಸ ಕೊಟ್ಟು ನೋಡೋಣ, ಆಮೇಲೆ ಗುಜರಿಯ ಮಾತು.