ಪಾರೆಯ ಮೇಲಿನ ಹೆಜ್ಜೆಗಳು

ಮುಳ್ಳೇರಿಯದ ಕಡೆ ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಕೆಂಪುಕಲ್ಲಿನ ದರವನ್ನು. ಕಾಲಡಿಯಲ್ಲೇ ಇರುವ ಕಲ್ಲು. ಕಡಿದು ತಂದರೆ ಗೋಡೆ, ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಹುಲ್ಲು ಚಿಗುರುವ ಬೋಳು ಪಾರೆ. ಅದರಲ್ಲಿ ನೋಡುವುದಕ್ಕೇನಿದೆ ಎಂದೇ ನಾವೂ ತಿಳಿದಿದ್ದೆವು.

ಪ್ರಿಯ ಓದುಗರೇ, ನಮ್ಮದೇ ಜಿಲ್ಲೆಯ ಮಡಿಕೈ ಪಂಚಾಯತಿನ ಕಾಞ್ಞಿರಪೊಯಿಲ್‌ನಲ್ಲಿ ಒಂದು ಪಾರೆಯಿದೆ. ಅದರ ಮೇಲೆ 24 ಜೊತೆ ಪಾದಗಳು, ಪಕ್ಕದಲ್ಲಿ ಒಂದು ಮನುಷ್ಯಾಕೃತಿ. ಕಬ್ಬಿಣದ ಉಪಕರಣದಿಂದ ಕೆತ್ತಿದ್ದು. ಪಾದಗಳು ಆರು ಇಂಚಿನಿಂದ ಹತ್ತು ಇಂಚಿನವರೆಗೆ ಇವೆ. ಆರು ಇಂಚು ಎಂದರೆ ಮಗುವಿನ ಪಾದವಲ್ಲವೇ? ಎಲ್ಲವೂ ಪಡುವಣಕ್ಕೆ ಮುಖ ಮಾಡಿವೆ. ಊರವರು ದೇವಿಯ ಹೆಜ್ಜೆಗಳೆಂದು ನಂಬಿದ್ದರು. ಇವು ಬೃಹತ್ ಶಿಲಾಯುಗದವು ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ತೀರಿಹೋದವರ ಆತ್ಮಗಳನ್ನು ಸೂಚಿಸುವ ಗುರುತುಗಳಿವು ಎಂದು ಪುರಾತತ್ತ್ವ ತಜ್ಞ ಪ್ರೊ. ಅಜಿತ್ ಕುಮಾರ್ ಅಭಿಪ್ರಾಯಪಟ್ಟರು. ಸೂರ್ಯ ಮುಳುಗುವ ಕಡೆಗೆ ಹೊರಟ ಹೆಜ್ಜೆಗಳು! ನವೆಂಬರಿನಲ್ಲಿ ಹಿರಿಯರ ಸಮಾಧಿಗೆ ಮೇಣದಬತ್ತಿ ಹಚ್ಚಿ ಬರುವ ನಮಗೆ, ಅದನ್ನು ಕೆತ್ತಿದವರ ಮನಸ್ಸು ತೀರಾ ಅಪರಿಚಿತವೇನಲ್ಲ.

ಅದೇ ಕಾಲದವರು ಕೆಂಪುಕಲ್ಲನ್ನು ಕೊರೆದು ಗುಹೆಯಂಥ ಗೋರಿಗಳನ್ನೂ ಮಾಡಿದ್ದರು. ಕೆಲವಕ್ಕೆ ಮೇಲ್ಗಡೆ ಒಂದು ದುಂಡನೆಯ ಬಾಯಿ, ಒಳಗೆ ಮಡಕೆಗಳು, ಕಬ್ಬಿಣದ ಸಾಮಾನು. ಋಷಿಗಳು ತಪಸ್ಸು ಮಾಡಿದ ಜಾಗವೆಂದುಕೊಂಡು ಮಲಯಾಳದಲ್ಲಿ ಇವನ್ನು ‘ಮುನಿಯರ’ ಎನ್ನುತ್ತಾರೆ. ನಿಧಿ ಸಿಕ್ಕೀತೆಂದು ಅಗೆದು ಹಾಳು ಮಾಡುವವರೂ ಇದ್ದಾರೆ. ಮಣ್ಣಿನ ಮಡಕೆಯ ಹೊರತು ಅವರಿಗೆ ಸಿಗುವುದೇನು?

ನಮ್ಮ ಆತಂಕವಿರುವುದು ಇಲ್ಲಿಯೇ. ಮೂಡುಬಿದಿರೆ ಬಳಿಯ ಮೂಡುಕೊಣಾಜೆಯಲ್ಲಿ ಚಪ್ಪಡಿಕಲ್ಲುಗಳ ಒಂಬತ್ತು ಗೋರಿಗಳಿದ್ದುದನ್ನು ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ಹಿಂದೆಯೇ ದಾಖಲಿಸಿದ್ದರು. 2023ರಲ್ಲಿ ಪ್ರೊ. ಟಿ. ಮುರುಗೇಶಿ ಅಲ್ಲಿ ಅಪರೂಪದ ಸುಡುಮಣ್ಣಿನ ಗೊಂಬೆಗಳನ್ನು ಗುರುತಿಸಿದಾಗ ಸರಿಯಾಗಿ ಉಳಿದಿದ್ದವು ಎರಡೇ. ಕದ್ದೊಯ್ಯುವವರೇ ಬೇಕೆಂದಿಲ್ಲ, ಕಲ್ಲಿನ ಕೋರೆಯ ಯಂತ್ರಕ್ಕೆ ಒಂದು ಮಧ್ಯಾಹ್ನ ಸಾಕು. ಕೋರೆಯಲ್ಲಿ ದುಡಿಯುವವರನ್ನು ನಾವು ದೂರುತ್ತಿಲ್ಲ, ನಮ್ಮೆಲ್ಲರ ಮನೆ ಎದ್ದಿರುವುದೂ ಅದೇ ಕಲ್ಲಿನಿಂದ.

ಹುಲ್ಲು ತರಲು ಹೋದಾಗಲೋ, ಮಕ್ಕಳು ಆಡುವಾಗಲೋ ಪಾರೆಯಲ್ಲಿ ಪಾದ, ಪ್ರಾಣಿಯ ಆಕಾರ, ದುಂಡು ಬಾಯಿಯ ಗುಂಡಿ ಕಂಡರೆ ಕೆರೆಯಬೇಡಿ, ಸುಣ್ಣ ಬಳಿಯಬೇಡಿ. ಒಂದು ಫೋಟೋ ತೆಗೆದು ಹತ್ತಿರದ ಶಾಲೆಯ ಚರಿತ್ರೆಯ ಮಾಸ್ಟರಿಗೋ ಟೀಚರಿಗೋ ತೋರಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಿ. ಗುಂಡಿಯೊಳಗೆ ಮಾತ್ರ ಇಳಿಯಬೇಡಿ, ಹಾವು ಇರುತ್ತದೆ.